ಕೆಂಪು ಹಿಡಿಯ ಚಾಕು, ಕರಿಮೂತಿಯ ಮರಿ

ಆ ಮರಿಯ ಕಿವಿ ಕೊಯ್ದವನು ನಾನು. ಪಾಲಯ್ಯ ಭಾವ ಅಲ್ಲ.

ಇಷ್ಟು ಬರೆಯುವುದಕ್ಕೆ ಇಪ್ಪತ್ತು ವರ್ಷದ ಮೇಲೆ ಹಿಡಿಯಿತು. ಬರೆದು ನೋಡಿದರೆ ಎರಡೇ ಸಾಲು — ಇಷ್ಟನ್ನು ಬಾಯಿಬಿಟ್ಟು ಹೇಳಲಾರದೆ ಒಬ್ಬ ಮನುಷ್ಯನ ಮಾನ ಕಳೆದೆ, ನನ್ನ ಅವ್ವನಿಗೆ ತವರೇ ಇಲ್ಲದಂತೆ ಮಾಡಿದೆ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಇವನು ಇನ್ನೇನನ್ನೋ ಮುಚ್ಚಿಟ್ಟಿದ್ದಾನೆ, ಅದಕ್ಕೇ ಇದನ್ನು ಮುಂದೆ ಮಾಡುತ್ತಿದ್ದಾನೆ ಅನ್ನುತ್ತಿದ್ದೆ. ನೀವೂ ಹಾಗೆ ಅಂದುಕೊಂಡರೆ ನನ್ನ ತಕರಾರಿಲ್ಲ, ಓದುತ್ತಾ ಹೋಗಿ.

ನನ್ನ ಹೆಸರು ಬೋರಣ್ಣ. ಸಿದ್ದಾಪುರದ ಹತ್ತಿರ ಕುರಿ ಸಾಕುವವರ ಹಟ್ಟಿಯಲ್ಲಿ ಹುಟ್ಟಿದವನು. ಈಗ ಬಿ.ಜಿ. ಕೆರೆಯಲ್ಲಿ ಹಿಂಡಿ, ಬೂಸಾ, ಹಗ್ಗ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮನೆ ಮಾತ್ರ ಹಟ್ಟಿಯಲ್ಲೇ. ನನ್ನ ಮಗಳು ರೂಪಾಳಿಗೆ ಈ ವರ್ಷ ಒಂದು ಕೆಲಸ ಸಿಕ್ಕಿತು — ಹಟ್ಟಿಯಿಂದ ಹಟ್ಟಿಗೆ ತಿರುಗಿ ಕುರಿ ಮೇಕೆಗಳಿಗೆ ಜಂತಿನ ಔಷಧಿ ಕುಡಿಸುವುದು, ಲಸಿಕೆ ಹಾಕುವ ದಿನ ಡಾಕ್ಟರ ಜೊತೆ ನಿಲ್ಲುವುದು. ಒಂದು ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದೆ ಇಡುತ್ತಾ ಕೇಳಿದಳು:

"ಅಪ್ಪಾ, ದಿನಾ ಜೋಬಲ್ಲಿ ಇಟ್ಕಂಡು ಓಡಾಡಾಕೆ ಒಂದು ಮಡಚೋ ಚಾಕು ಬೇಕು. ಗೊರಸಿನ ಮುಳ್ಳು ತೆಗಿಯಾಕೆ, ಹಗ್ಗ ಕೊಯ್ಯಾಕೆ. ಮೊಬೈಲಲ್ಲಿ ನೋಡಿದ್ರೆ ನೂರು ಥರ ಅವೆ. ಯಾವ್ದು ತಗಂಬೇಕು ಹೇಳು, ನಿಂಗೆ ಗೊತ್ತಿರ್ತೈತೆ."

ನಿಂಗೆ ಗೊತ್ತಿರ್ತೈತೆ — ಅವಳು ಮಾಮೂಲಿಯಾಗಿ ಅಂದ ಮಾತು. ನನಗೆ ಮಾತ್ರ ಇವಳಿಗೆ ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಅನ್ನಿಸಿತು. ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖವನ್ನೂ ಅನುಮಾನದಿಂದ ನೋಡುವ ಮನುಷ್ಯ ನಾನು. ಕಾಫಿಯನ್ನು ಆರಲು ಬಿಟ್ಟು ಎದ್ದು ಅಂಗಡಿಗೆ ಹೊರಟೆ.

ನನ್ನ ಈ ಗುಣ ಇವತ್ತಿನದಲ್ಲ. ಬಸ್ಸಿನಲ್ಲಿ ಪಕ್ಕದವನು ತೂಕಡಿಸಿದರೆ ನಾಟಕ ಅನ್ನಿಸುತ್ತದೆ. ಯಾರಾದರೂ ತಾವಾಗಿ ಕರೆದು ಟೀ ಕೊಡಿಸಿದರೆ ಆ ಟೀ ಗಂಟಲಲ್ಲಿ ಇಳಿಯುವುದಿಲ್ಲ, ಇವನಿಗೆ ನನ್ನಿಂದ ಏನು ಬೇಕು ಅಂತ. ನಮ್ಮಪ್ಪನೂ ಹಾಗೇ ಇದ್ದ. ಆದರೆ ಅಪ್ಪ ಅನುಮಾನ ಬಂದರೆ ನೇರವಾಗಿ ಕೇಳಿಬಿಡುವವನು. ನಾನು ಕೇಳುವವನಲ್ಲ. ಒಳಗಿಟ್ಟುಕೊಂಡು ಮೇಯಿಸುವವನು.

ಅಪ್ಪ ನನ್ನ ಕೈಗೆ ಮೊದಲ ಸಲ ಮಂದೆ ಒಪ್ಪಿಸಿದ ವರ್ಷದ ಮಾತು. ಮಂದೆಯ ಹಿಂದೆ ಹೋಗುವವನ ಜೇಬಿನಲ್ಲಿ ಒಂದು ಚಾಕು ಇರಲೇಬೇಕು. ಜಾಲಿ ಕೊಂಬೆ ಸವರಬೇಕು, ಕುತ್ತಿಗೆಗೆ ಸುತ್ತಿಕೊಂಡ ಹಗ್ಗ ಕೊಯ್ಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮರಿಗಳ ಕಿವಿಗೆ ಗುರುತು ಹಾಕಬೇಕು. ಅದುವರೆಗೆ ಅಪ್ಪನ ಚಾಕು ಇಸಿದುಕೊಳ್ಳುತ್ತಿದ್ದೆ. ಇನ್ನು ನನ್ನದೇ ಒಂದು ಬೇಕಿತ್ತು. ಅಪ್ಪ ಹೇಳಿದ: "ಪಾಲಯ್ಯನ್ನ ಕರ್ಕಂಡು ಚಳ್ಳಕೆರೆಗೆ ಹೋಗು. ಅವನು ಆರಿಸಿಕೊಡ್ತಾನೆ."

ಪಾಲಯ್ಯ ನನ್ನ ಸೋದರಮಾವನ ಮಗ, ಅಂದರೆ ಅವ್ವನ ಅಣ್ಣನ ಮಗ. ನನಗಿಂತ ಏಳೆಂಟು ವರ್ಷ ದೊಡ್ಡವನು. ಗುಡ್ಡದ ಆಚೆ ಅವರ ಮನೆ. ಬಂಡೆಗಳ ನಡುವೆ ಎರಡು ಮಂದೆಯೂ ಒಟ್ಟಿಗೆ ಮೇಯುತ್ತಿದ್ದವು. ಬಂಡೆಯ ಮೇಲಿನ ಹಳೇ ಅಕ್ಷರ ನೋಡಲು ಬರುವ ಜನಕ್ಕೆ ದಾರಿ ತೋರಿಸುವುದೂ ಅವನೇ, ನನ್ನ ಬುತ್ತಿಯಲ್ಲಿ ಪಾಲು ಕಿತ್ತುಕೊಳ್ಳುವುದೂ ಅವನೇ. ಅವನ ಜೇಬಿನಲ್ಲಿ ಒಂದು ಚಾಕು ಸದಾ ಇರುತ್ತಿತ್ತು. ಕರಿಮರದ ಹಿಡಿ, ನೋಡಲು ಏನೇನೂ ಚೆಂದವಿಲ್ಲ. ಕೇಳಿದರೆ ಕೊಡುತ್ತಿದ್ದ — ಆದರೆ ಕೈಗೆ ಅಲ್ಲ. ನೆಲದ ಮೇಲೆ ಇಡುತ್ತಿದ್ದ, ನಾನು ಎತ್ತಿಕೊಳ್ಳಬೇಕು. ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ಇಸಿದುಕೊಂಡವನಿಗೂ ಜಗಳ ಬರುತ್ತದೆ ಅಂತ ನಮ್ಮಲ್ಲಿ. ಅವನು ಅದನ್ನು ಒಂದು ಸಲವೂ ತಪ್ಪಿಸಿದವನಲ್ಲ.

ಚಳ್ಳಕೆರೆಯಲ್ಲಿ ಮಾರ್ಕೆಟ್ಟಿನ ಪಕ್ಕದ ಓಣಿಯಲ್ಲಿ ಹಗ್ಗ, ಕುಡುಗೋಲು, ಬೀಗ ಮಾರುವ ಒಬ್ಬ ಸಾಬರ ಅಂಗಡಿ. ಅವರು ಚಾಕುಗಳ ಪೆಟ್ಟಿಗೆಯನ್ನೇ ತೆಗೆದು ಹಲಗೆಯ ಮೇಲೆ ಇಟ್ಟರು. ನನ್ನ ಕಣ್ಣು ಹೋದದ್ದು ಕೆಂಪು ಹಿಡಿಯದರ ಮೇಲೆ. ಅಲಗು ಕನ್ನಡಿಯ ಥರ ಹೊಳೆಯುತ್ತಿತ್ತು, ಹಿಡಿಯ ಮೇಲೆ ಹಿತ್ತಾಳೆಯ ಚುಕ್ಕೆಗಳು. ಭಾವ ಅದನ್ನು ಮುಟ್ಟಲೂ ಇಲ್ಲ. ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ತನ್ನದರಂಥದ್ದೇ ಒಂದು ಕರಿಹಿಡಿಯ ಚಾಕನ್ನು ಹೊರಗೆ ತೆಗೆದ. ಬಿಚ್ಚಿದಾಗ ಟಕ್ ಅಂದಿತು. ಅಲಗಿನ ಬೆನ್ನನ್ನು ಹಲಗೆಗೆ ಇಟ್ಟು ಭಾರ ಬಿಟ್ಟು ಒತ್ತಿದ, ಮಡಚಲಿಲ್ಲ. ಹಿಡಿಯ ಹಿಂದಿದ್ದ ಲಾಕನ್ನು ಹೆಬ್ಬೆರಳಿಂದ ಒತ್ತಿದ ಮೇಲೆಯೇ ಅದು ಒಳಗೆ ಹೋಯಿತು. ಆಮೇಲೆ ನನ್ನ ಅಂಗೈ ಹಿಡಿದು ಅಳತೆ ನೋಡಿ, ಸಾಬರ ಜೊತೆ ಉರ್ದುವಿನಲ್ಲಿ ಏನೋ ಅಂದ. ಇಬ್ಬರೂ ನಕ್ಕರು.

ಅಷ್ಟೇ. ಆ ನಗು ಸಾಕಾಯಿತು ನನಗೆ.

ತೆಲುಗಾಗಿದ್ದರೆ ನನಗೂ ಅರ್ಥವಾಗುತ್ತಿತ್ತು. ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗೇ. ನನಗೆ ಬಾರದ ಭಾಷೆಯನ್ನೇ ಯಾಕೆ ಆರಿಸಿಕೊಂಡ? ಆ ಚಾಕು ಪೆಟ್ಟಿಗೆಯ ತಳದಲ್ಲಿ ಯಾಕಿತ್ತು? ಯಾರೂ ಕೊಳ್ಳದೆ ಉಳಿದ ಮಾಲನ್ನು ನನ್ನ ತಲೆಗೆ ಕಟ್ಟಿ, ಆಮೇಲೆ ಇವನು ಅಂಗಡಿಯವರಿಂದ ಪಾಲು ಪಡೆಯುತ್ತಾನೆ ಅಂತ ತಲೆಯೊಳಗೆ ಕೂತುಬಿಟ್ಟಿತು. ನಾನು ಕೆಂಪು ಹಿಡಿಯದನ್ನು ಎತ್ತಿಕೊಂಡೆ. ಸಾಬರು ತಡೆದರು: "ಬೇಟಾ, ಅದು ಹಣ್ಣು ಕೊಯ್ಯಾಕೆ ಚೆನ್ನಾಗೈತೆ. ಚುಚ್ಚೋ ಕೆಲ್ಸಕ್ಕೆ ಬ್ಯಾಡ. ಅದಕ್ಕೆ ಲಾಕ್ ಇಲ್ಲ, ಮೊನೆ ಒತ್ತಿದ್ರೆ ಮಡಚ್ಕಂತದೆ."

ಎಷ್ಟು ಬೇಡ ಅಂದರೋ ಅಷ್ಟು ನನ್ನ ಅನುಮಾನ ಬಲಿಯಿತು. ಮಾರುವವನೇ ಕೊಳ್ಳಬೇಡ ಅನ್ನುತ್ತಾನೆಂದರೆ ಇನ್ನೊಂದನ್ನು ಮಾರುವ ಉಪಾಯವಲ್ಲದೆ ಇನ್ನೇನು? ಭಾವ ಒಂದೇ ಮಾತು ಅಂದ — "ಲೇ ಬೋರ, ಕೈ ನಿಂದು." ಬಸ್ಸಿನಲ್ಲಿ ವಾಪಸು ಬರುವಾಗ ಅವನು ಅದರ ಮಾತೇ ಎತ್ತಲಿಲ್ಲ. ಅದೂ ನನಗೆ ಅನುಮಾನಕ್ಕೇ ಆಯಿತು. ಮನೆಯಲ್ಲಿ ಮಾತ್ರ ನಾನೇ ಆರಿಸಿದ್ದು, ನನ್ನನ್ನು ಯಾರೂ ಯಾಮಾರಿಸಲಾಗಲಿಲ್ಲ ಅಂತ ಮೆರೆದೆ.

ಇನ್ನು ಕಿವಿಯ ವಿಷಯ ಹೇಳಬೇಕು. ನಮ್ಮಲ್ಲಿ ಒಂದೊಂದು ಮನೆಗೂ ಒಂದೊಂದು ಗುರುತು. ಎಡಗಿವಿಯ ನಡುವೆ ಒಂದು ಸೀಳು ಇದ್ದರೆ ಅದು ನಮ್ಮ ಮನೆಯ ಕುರಿ. ಎಡಗಿವಿಯ ತುದಿ ಓರೆಯಾಗಿ ಹೋಗಿದ್ದರೆ ಭಾವನ ಮನೆಯದು. ಮಂದೆಗಳು ಬೆರೆತಾಗ ಬಣ್ಣ ನೋಡುವುದಿಲ್ಲ, ಮೂತಿ ನೋಡುವುದಿಲ್ಲ. ಕಿವಿ ಮುಟ್ಟಿ ನೋಡುತ್ತಾರೆ. ಕಿವಿ ಹೇಳಿದ ಮೇಲೆ ಮಾತು ಮುಗಿಯಿತು. ಒಬ್ಬರ ಗುರುತನ್ನು ಇನ್ನೊಬ್ಬರು ಕೊಯ್ದು ಬದಲಾಯಿಸುವುದಕ್ಕಿಂತ ದೊಡ್ಡ ಕಳ್ಳತನ ನಮ್ಮಲ್ಲಿ ಇಲ್ಲ. ಕುರಿ ಹೊತ್ತುಕೊಂಡು ಹೋದವನನ್ನಾದರೂ ಕ್ಷಮಿಸಿಯಾರು, ಕಿವಿ ಕೊಯ್ದವನನ್ನು ಇಲ್ಲ.

ಅಪ್ಪ ಸಂತೆಗೆ ಹೋಗಿದ್ದ ದಿನ ಹೊಸ ಮರಿಗಳಿಗೆ ಗುರುತು ಹಾಕಲು ಒಬ್ಬನೇ ಕೂತೆ. ರೊಪ್ಪದಲ್ಲಿ, ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ಒಳಗೆ, ಬೇರೆ ಯಾರೂ ಇರಲಿಲ್ಲ. ಮರಿಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು, ಕಿವಿಯನ್ನು ಹಲಗೆಯ ತುಂಡಿನ ಮೇಲೆ ಹರಡಿ, ಚಾಕಿನ ಮೊನೆಯನ್ನು ಒತ್ತಬೇಕು. ಒಂದಿಷ್ಟು ಮರಿಗಳದು ಸರಿಯಾಗಿಯೇ ಆಯಿತು. ಆಮೇಲೆ ಆ ಕರಿಮೂತಿಯದು ಬಂತು — ಮೈಯೆಲ್ಲ ಬಿಳಿ, ಮೂತಿ ಮಾತ್ರ ಮಸಿಯಲ್ಲಿ ಅದ್ದಿದಂತೆ. ಮೊನೆ ಒತ್ತಿದೆ. ಒತ್ತಿದ ಚಾಕು ಮಡಚಿಕೊಂಡು ನನ್ನ ತೋರುಬೆರಳಿನ ಮೇಲೆ ಬಂತು. ನಾನು ಕೂಗಿದೆ, ಮರಿ ಕೊಸರಿಕೊಂಡಿತು, ಸೀಳು ಕಿವಿಯ ಅಂಚಿನವರೆಗೂ ಹರಿದುಹೋಯಿತು.

ತುದಿಯ ತುಂಡು ಚರ್ಮದ ಎಳೆಯಲ್ಲಿ ನೇತಾಡುತ್ತಿತ್ತು. ಹಾಗೇ ಬಿಟ್ಟರೆ ನೊಣ ಕೂತು ಹುಳ ಬೀಳುತ್ತದೆ. ಅದೇ ಚಾಕಿನಿಂದ ಆ ತುಂಡನ್ನು ತೆಗೆದುಹಾಕಿದೆ. ಅರಿಶಿನ ಮೆತ್ತಲು ರಕ್ತ ಒರೆಸಿ ನೋಡುತ್ತೇನೆ — ಕಿವಿಯ ತುದಿ ಓರೆಯಾಗಿ ಹೋಗಿದೆ. ಭಾವನ ಮನೆಯ ಗುರುತು. ನಾನೇ, ನನ್ನ ಕೈಯಾರೆ, ಒಪ್ಪವಾಗಿ.

ಅವತ್ತು ಸಂಜೆಗೇ ಹೇಳಬಹುದಿತ್ತು. ಅಪ್ಪ ಎರಡು ಬೈಯುತ್ತಿದ್ದ, ಭಾವ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ, ಮರಿ ನಮ್ಮಲ್ಲೇ ಉಳಿಯುತ್ತಿತ್ತು. ಆದರೆ ಹೇಳಿದರೆ ಚಾಕಿನ ವಿಷಯ ಹೇಳಬೇಕು. ಭಾವ ಹೇಳಿದ್ದೇ ಸರಿ, ಸಾಬರು ಹೇಳಿದ್ದೇ ಸರಿ, ನಾನು ಅನುಮಾನ ಪಟ್ಟದ್ದು ಸುಳ್ಳು ಅಂತ ಒಪ್ಪಬೇಕು — ಅದೊಂದು ನನ್ನ ಕೈಯಲ್ಲಿ ಆಗಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ತಂತಿಬೇಲಿ ತಗಲಿತು ಅಂದೆ. ಅಪ್ಪ ನಂಬಿದ. ಎಲ್ಲರನ್ನೂ ಅನುಮಾನಿಸುವ ಅಪ್ಪ ನನ್ನೊಬ್ಬನನ್ನು ನಂಬುತ್ತಿದ್ದ.

ಕೆಲವು ದಿನ ಕಳೆದು ಎರಡೂ ಮಂದೆಗಳು ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಕೂಡಿ ಮೇದವು. ಮರಿಗಳನ್ನು ಬಿಡುವ, ಕೂಡುವ ಕೆಲಸ ನನ್ನದೇ ಆಗಿದ್ದರಿಂದ ಕರಿಮೂತಿಯದನ್ನು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡೆ. ಮಂದೆ ಬೇರೆ ಮಾಡುವ ದಿನ ಭಾವನೇ ಅದನ್ನು ಹಿಡಿದ. ಅಪ್ಪ ಆಚೆ ತುದಿಯಲ್ಲಿ ಟಗರುಗಳನ್ನು ಬೇರ್ಪಡಿಸುತ್ತಿದ್ದ. ಭಾವ ಕಿವಿ ಮುಟ್ಟಿ ನೋಡಿ, "ನಮ್ದು" ಅಂದು ತನ್ನ ಮರಿಗಳ ಕಡೆ ಬಿಟ್ಟ. ನಾನು ಬಗ್ಗಿ ಕಂಬಳಿ ಮಡಚುವವನಂತೆ ಮಾಡಿದೆ. ಒಳಗೆ ಎಂಥಾ ನಿರಾಳ ಗೊತ್ತೇ? ಮರಿಯ ಜೊತೆ ನನ್ನ ತಪ್ಪೂ ಗುಡ್ಡದ ಆಚೆ ಹೊರಟುಹೋಗುತ್ತದೆ ಅನ್ನಿಸಿತ್ತು. ಕಿವಿ ಹರಿದದ್ದು ಆಕಸ್ಮಿಕ. ಕಂಬಳಿ ಮಡಚಿದ್ದು ಆಕಸ್ಮಿಕವಲ್ಲ.

ಆದರೆ ಮರಿಗೆ ತಾಯಿ ಇರುತ್ತದಲ್ಲ. ತಾಯಿಕುರಿ ಅರಚಲು ಶುರು ಮಾಡಿತು. ಕೆಚ್ಚಲು ತುಂಬಿ ಬಾತುಕೊಂಡಿತು, ಮೇವಿಗೆ ಬಾಯಿ ಹಾಕಲಿಲ್ಲ. ಅಪ್ಪ ನೋಡಿದ. ಇದರ ಮರಿ ಎಲ್ಲಿ ಅಂತ ಕೇಳಿದ. ತೋಳ ಎಳೆದಿರಬೇಕು ಅಂದೆ. ಎಲ್ಲಿ, ಯಾವ ಕಡೆ, ರಕ್ತದ ಗುರುತೇನಾದರೂ ಇತ್ತಾ ಅಂತ ಅಪ್ಪ ಕೇಳುತ್ತಲೇ ಇದ್ದ. ಕೊನೆಗೆ ಅವನು ಆ ಕುರಿಯನ್ನು ಬಿಚ್ಚಿಬಿಟ್ಟು ಅದರ ಹಿಂದೆಯೇ ನಡೆದ. ಅದು ನೆಟ್ಟಗೆ ಗುಡ್ಡ ಹತ್ತಿ, ಇಳಿದು, ಭಾವನ ರೊಪ್ಪದ ಮುಂದೆ ನಿಂತಿತು.

ಹಟ್ಟಿಯ ಬೇವಿನ ಕಟ್ಟೆಯ ಮೇಲೆ ಹಿರಿಯರು ಕೂತರು. ಮರಿಯನ್ನೂ ಕುರಿಯನ್ನೂ ಎದುರಿಗೆ ಬಿಟ್ಟರು. ಮರಿ ಓಡಿಬಂದು ಕೆಚ್ಚಲಿಗೆ ಬಾಯಿ ಹಾಕಿತು, ಕುರಿ ಅದರ ಬಾಲ ಮೂಸಿ ಸುಮ್ಮನೆ ನಿಂತಿತು. ಯಾರದೋ ಮರಿಗೆ ಯಾವ ಕುರಿಯೂ ಹಾಗೆ ನಿಲ್ಲುವುದಿಲ್ಲ. ತಾಯಿ ನಮ್ಮ ಮನೆಯದು, ಕಿವಿ ಭಾವನ ಮನೆಯದು. ಜನಕ್ಕೆ ಇನ್ನೇನು ಬೇಕು?

ಭಾವ ಹೇಳಿದ್ದು ಇಷ್ಟೇ: "ಕಿವೀಲಿ ನಮ್ ಗುರ್ತು ಇತ್ತು, ಇಟ್ಕಂಡೆ. ಕೊಯ್ದಿಲ್ಲ."

ಗಾದ್ರಜ್ಜ ಅಂತ ಒಬ್ಬರು, ಹಿರಿಯರಲ್ಲಿ ಹಿರಿಯರು, ನನ್ನ ಕಡೆ ತಿರುಗಿದರು. "ಮರಿಗಳಿಗೆ ಗುರ್ತು ಹಾಕಿದೋನು ನೀನಲ್ವೇನೋ ಬೋರ? ಈ ಮರೀಗೆ ನಿಮ್ಮನೆ ಗುರ್ತು ಹಾಕಿದ್ದೆಯಾ, ಇಲ್ವಾ? ಹೇಳಪ್ಪ, ಎಲ್ಲಾ ನಿನ್ ಮಾತ್ನ ಮೇಲೆ ಐತೆ."

ಗಾಯದ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡೆ. ಭಾವ ನನ್ನನ್ನೇ ನೋಡುತ್ತಿದ್ದ, ಸಿಟ್ಟಿನಿಂದಲ್ಲ — ಇವನು ಹೇಳುತ್ತಾನೆ ಅನ್ನುವ ಧೈರ್ಯದಿಂದ. ನಾನು ಹೇಳಿದೆ:

"ಹಾಕಿದ್ದೆ. ಆಮೇಲೆ ಏನಾತೋ ನಂಗೊತ್ತಿಲ್ಲ."

ಹಾಕಿದ್ದು ಸುಳ್ಳಲ್ಲ, ಹಾಕಲು ಹೊರಟಿದ್ದೆ... ಆ ದಿನ ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಆ ಸಮಾಧಾನ ಬೇಡ. ಅದು ಸುಳ್ಳು, ಹಸಿ ಸುಳ್ಳು.

ಭಾವ ಜೇಬಿನಿಂದ ತನ್ನ ಕರಿಹಿಡಿಯ ಚಾಕನ್ನು ತೆಗೆದು ಕಟ್ಟೆಯ ಕಲ್ಲಿನ ಮೇಲೆ ಇಟ್ಟ. "ಇದ್ರಲ್ಲಿ ಕೊಯ್ದಿದ್ರೆ ನನ್ ಕೈ ಬಿದ್ದೋಗ್ಲಿ" ಅಂದು ಗುಡ್ಡದ ಕಡೆ ನಡೆದುಬಿಟ್ಟ. ಆ ಚಾಕನ್ನು ಎತ್ತಿಕೊಳ್ಳಲು ಯಾರೂ ಮುಂದಾಗಲಿಲ್ಲ. ಜನವೆಲ್ಲ ಕರಗಿದ ಮೇಲೆ ನಾನು ಎತ್ತಿಕೊಂಡು ಬಂದು ಪೆಟ್ಟಿಗೆಯ ತಳದಲ್ಲಿ, ಹಳೇ ಕಂಬಳಿಯ ಮಡಿಕೆಯಲ್ಲಿ ಇಟ್ಟೆ. ಯಾಕೆ ಎತ್ತಿಕೊಂಡೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಕೆಂಪು ಹಿಡಿಯದನ್ನು ಪಾಳುಬಾವಿಗೆ ಎಸೆದೆ. ಒಟ್ಟಿನಲ್ಲಿ ಆ ಊರಿನಲ್ಲಿ ಯಾರಾದರೂ ಏನಾದರೂ ಕದ್ದಿದ್ದರೆ, ಕದ್ದವನು ನಾನೇ.

ಆಮೇಲೆ ಭಾವನ ಮಂದೆಯ ಜೊತೆ ಯಾರೂ ಮಂದೆ ಕೂಡಿಸಲಿಲ್ಲ. ಒಂಟಿ ಮಂದೆಯನ್ನು ಎಷ್ಟು ದಿನ ಕಾಯಲಾದೀತು? ಕುರಿಗಳನ್ನು ಮಾರಿ ಹೆಂಡತಿಯನ್ನು ಕರೆದುಕೊಂಡು ಚಳ್ಳಕೆರೆಗೆ ಹೋದ, ಒಂದು ಎಣ್ಣೆಮಿಲ್ಲಿನ ಗೇಟು ಕಾಯುವ ಕೆಲಸಕ್ಕೆ ಸೇರಿದ. ಅಪ್ಪ ಅವ್ವನಿಗೆ ಒಂದೇ ಮಾತು ಹೇಳಿದ: "ಆ ಮನೆ ಹೊಸ್ಲು ತುಳಿದ್ರೆ ಈ ಮನೆ ಹೊಸ್ಲು ತುಳಿಬ್ಯಾಡ." ಅವ್ವ ತುಳಿಯಲಿಲ್ಲ. ಯುಗಾದಿಗೆ ತವರಿನಿಂದ ಬರುತ್ತಿದ್ದ ಸೀರೆ ನಿಂತಿತು. ಅವಳ ಅಣ್ಣ, ಭಾವನ ಅಪ್ಪ, ಕಾಯಿಲೆ ಬಿದ್ದಾಗಲೂ ಹೋಗಲಿಲ್ಲ. ಹಿತ್ತಲಲ್ಲಿ ಕೂತು ಗುಡ್ಡದ ಕಡೆ ನೋಡುತ್ತಾ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತು ಸುಲಿದಿದ್ದೇನೆ, ಬಾಯಿ ಬಿಡದೆ.

ಅಲ್ಲಿಂದ ನನ್ನ ಅನುಮಾನ ಬೇರೆ ದಾರಿ ಹಿಡಿಯಿತು. ಯಾರಿಗೆ ಗೊತ್ತಿದೆ? ಯಾರು ನೋಡಿದರು? ಮದುವೆಯಾದ ಹೊಸದರಲ್ಲಿ ಹೆಂಡತಿ ಬೆರಳಿನ ಕಲೆ ಸವರಿ ಏನಾಗಿತ್ತು ಅಂದಳು. ಇವಳಿಗೆ ಯಾರೋ ಹೇಳಿದ್ದಾರೆ ಅಂತ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಗಾದ್ರಜ್ಜ ದಾರಿಯಲ್ಲಿ ಸಿಕ್ಕು ಆರೋಗ್ಯ ವಿಚಾರಿಸಿದರೆ ಬೆವರುತ್ತಿದ್ದೆ. ಮಂದೆಯ ಹಿಂದೆ ಹೋಗುವುದನ್ನೇ ಬಿಟ್ಟು ಅಂಗಡಿ ಹಾಕಿದ್ದು ಯಾಕೆ ಅಂತ ಜನ ಕೇಳುತ್ತಾರೆ. ಕುರಿಗಳ ಕಿವಿ ನೋಡಲು ಆಗುತ್ತಿರಲಿಲ್ಲ, ಅದಕ್ಕೆ.

ಅಪ್ಪ ತೀರಿಕೊಂಡಾಗ ಭಾವ ಮಣ್ಣಿಗೆ ಬರಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಬಂದ ನೆಂಟರ ಮುಂದೆ, ನೋಡಿ ಕಳ್ಳನ ಮನಸ್ಸು ಹೆಂಗಿರುತ್ತೆ ಅಂದೆ. ಅವ್ವ ಅಲ್ಲೇ ಇದ್ದಳು, ತಲೆ ತಗ್ಗಿಸಿ. ಈ ಒಂದು ಮಾತನ್ನು ಬರೆಯುವುದೋ ಬಿಡುವುದೋ ಅಂತ ಬಹಳ ಹೊತ್ತು ಕೂತಿದ್ದೆ. ಬಿಟ್ಟರೆ ಉಳಿದದ್ದೆಲ್ಲ ಬರೆದೂ ದಂಡ.

ರೂಪಾ ಚಾಕು ಕೇಳಿದ ಮಾರನೆಯ ದಿನ ಪೆಟ್ಟಿಗೆ ತೆಗೆದೆ. ಕರಿಹಿಡಿಯ ಚಾಕು ಇದ್ದಲ್ಲೇ ಇತ್ತು. ಕೊಬ್ಬರಿ ಎಣ್ಣೆ ಬಿಟ್ಟು ಬಿಚ್ಚಿದೆ, ಟಕ್ ಅಂದಿತು. ಅಲಗಿನ ಬೆನ್ನನ್ನು ಹೊಸ್ತಿಲಿಗೆ ಒತ್ತಿದೆ — ಅಷ್ಟು ವರ್ಷದ ಮೇಲೂ ಮಡಚಲಿಲ್ಲ. ಮಗಳಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಆದರೆ ಕೊಡಲು ಅದು ನನ್ನದಲ್ಲ. ಅದನ್ನು ಟವಲಿನಲ್ಲಿ ಸುತ್ತಿಕೊಂಡು ಚಳ್ಳಕೆರೆಯ ಬಸ್ಸು ಹತ್ತಿದೆ.

ಮಿಲ್ಲಿನ ಗೇಟಿನ ಪಕ್ಕ, ತಗಡಿನ ನೆರಳಿನಲ್ಲಿ ಭಾವ ಕೂತಿದ್ದ. ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿದ, ಕೂರು ಅನ್ನಲಿಲ್ಲ. ನಾನು ಚಾಕನ್ನು ಅವನ ಮುಂದೆ ನೆಲದ ಮೇಲೆ ಇಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೆಂಪು ಹಿಡಿ, ಬೆರಳು, ಕಿವಿ, ಕಂಬಳಿ — ಎಲ್ಲ. ಹಿಂಡಿ ತುಂಬಿದ ಲಾರಿಯೊಂದು ಬಂತು, ಅವನು ಎದ್ದು ಗೇಟು ತೆಗೆದು, ಮುಚ್ಚಿ, ಬಂದು ಕೂತ.

"ನಿಮ್ಮಪ್ಪ ಮಾಡಿಸಿದ್ದು ಅಂತ ತಿಳ್ಕಂಡಿದ್ದೆ" ಅಂದ. "ಮಂದೆ ಬ್ಯಾರೆ ಮಾಡಾಕೆ ಅವ್ನಿಗೆ ಏನೋ ನೆಪ ಬೇಕಾಗಿತ್ತು ಅಂತ. ಅದಕ್ಕೇ ಮಣ್ಣಿಗೂ ಬರ್ಲಿಲ್ಲ."

ಅಪ್ಪ ಇವನನ್ನು ಕಳ್ಳ ಅಂದುಕೊಂಡೇ ಸತ್ತ. ಇವನು ಅಪ್ಪನನ್ನು ಮೋಸಗಾರ ಅಂದುಕೊಂಡು ಬದುಕಿದ. ಇಬ್ಬರೂ ಒಬ್ಬರ ಮೇಲೊಬ್ಬರು ಜೀವ ಇಟ್ಟುಕೊಂಡಿದ್ದ ಮಾವ-ಅಳಿಯ. ನಾನು ನಡುವೆ ಕೂತು ಎರಡೂ ಕಡೆ ಬೆಂಕಿ ಕಾಯಿಸಿಕೊಂಡೆ. ಏನು ಕೇಳಬೇಕೋ ತೋಚದೆ, ಕೇಳಬಾರದ್ದನ್ನೇ ಕೇಳಿದೆ. ಅವತ್ತು ಅಂಗಡಿಯಲ್ಲಿ ಸಾಬರ ಹತ್ತಿರ ಉರ್ದುವಿನಲ್ಲಿ ಏನಂದೆ, ಯಾಕೆ ನಕ್ಕಿರಿ? ಅವನಿಗೆ ನೆನಪಾಗಲು ಹೊತ್ತು ಹಿಡಿಯಿತು.

"ಹುಡುಗನ ಕೈ ಸಣ್ಣದು, ಹೆಂಗಸರ ಕೈ ಇದ್ದಂಗೈತೆ, ಹಿಡಿ ದಪ್ಪ ಇರೋದು ಬ್ಯಾಡ ಅಂದಿರ್ಬೇಕು. ಇನ್ನೇನ್ ಅಂತೀನಿ?"

ಅಷ್ಟೇ ಇದ್ದದ್ದು.

ಕ್ಷಮಿಸು ಭಾವ ಅನ್ನಲು ಹೋದೆ. ಅವನು ಕೈ ಎತ್ತಿ ತಡೆದ. "ನನ್ ಮುಂದೆ ಹೇಳಿ ಏನಾಗ್ಬೇಕೋ ಬೋರ? ನಾನು ಕದ್ದಿಲ್ಲ ಅನ್ನೋದು ನಂಗೆ ಅವತ್ತೇ ಗೊತ್ತಿತ್ತಲ್ಲ." ಆಮೇಲೆ ಅವನು ನನ್ನ ಕಡೆ ನೋಡಲಿಲ್ಲ. ಓಣಿಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದಾಗ ಚಾಕು ಇಟ್ಟ ಜಾಗದಲ್ಲೇ ಇತ್ತು.

ಅದೇ ಸಾಬರ ಅಂಗಡಿಗೆ ಹೋದೆ. ಈಗ ಮಗ ಕೂರುತ್ತಾನೆ. ಲಾಕು ಇರುವ ಸಣ್ಣ ಚಾಕು ತೋರಿಸಿ ಅಂದೆ. ಅವನು ಕೊಟ್ಟದ್ದನ್ನು ಬಿಚ್ಚಿ, ಹಲಗೆಗೆ ಬೆನ್ನು ಒತ್ತಿ, ಒದ್ದೆ ಕೈಯಲ್ಲಿ ಹಿಡಿದು ಜಾರುತ್ತದೇನೋ ನೋಡಿ, ಒಂದೇ ಕೈಯಲ್ಲಿ ಮಡಚಿ ತೆಗೆದುಕೊಂಡೆ. ಬೇರೆ ಬಣ್ಣದ್ದು ಬೇಕೇ ಅಂತ ಅವನು ಕೇಳಿದ. ಅವನ ಮೇಲೆ ಅನುಮಾನ ಬರಲಿಲ್ಲ, ನಾಚಿಕೆಯಾಯಿತು.

ಹಟ್ಟಿಗೆ ಬಂದವನೇ ಗಾದ್ರಜ್ಜನ ಮನೆಗೆ ಹೋದೆ. ಅವತ್ತು ಕಟ್ಟೆಯ ಮೇಲೆ ಕೂತವರಲ್ಲಿ ಉಳಿದಿರುವವರು ಅವರೊಬ್ಬರೇ. ಕಣ್ಣು ಮಂಜಾಗಿದೆ, ಕಿವಿ ಚುರುಕು. ಪೂರ್ತಿ ಕೇಳಿದರು. ಕೇಳಿ, ಎಲೆ ಅಡಿಕೆ ಜಗಿಯುತ್ತಾ ನಿಧಾನವಾಗಿ ಅಂದರು: "ಸರಿ. ಈಗ ಪಾಲಯ್ಯನ ಹತ್ರ ಏನ್ ಕೆಲ್ಸ ಆಗ್ಬೇಕಾಗೈತೆ ನಿಂಗೆ?" ಏನೂ ಇಲ್ಲ ಅಜ್ಜ ಅಂದೆ. ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಆದರೂ ಪ್ರತಿ ಮನೆಗೂ ಹೋಗುತ್ತೇನೆ, ನಂಬಲಿ ಬಿಡಲಿ. ಅವತ್ತು ಒಂದು ಮಾತಿಗೆ ಊರೆಲ್ಲ ನಂಬಿದ್ದು ಸುಳ್ಳನ್ನು. ಈಗ ನಿಜವನ್ನು ಮನೆ ಮನೆಗೆ ಹೊತ್ತು ತಿರುಗಬೇಕು, ಅದು ನನ್ನ ಪಾಲಿನ ಕೆಲಸ.

ಅವತ್ತಿಗೆ ಉಳಿದದ್ದು ನನ್ನ ಮನೆ. ಅವ್ವ ಹಿತ್ತಲಲ್ಲಿದ್ದಳು, ರೂಪಾ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಇಬ್ಬರ ಮುಂದೆಯೂ ಹೇಳಿದೆ. ರೂಪಾಳ ಕೈ ನಿಂತುಹೋಯಿತು. ಅವ್ವ ಕೇಳಿದಳು:

"ನಿಮ್ಮಪ್ಪಗೆ ಗೊತ್ತಿತ್ತೇನೋ?"

"ಇಲ್ಲವ್ವ. ಆಣೆಗೂ ಗೊತ್ತಿರ್ಲಿಲ್ಲ."

ನನ್ನ ಮುಖ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಜೀವನಪೂರ್ತಿ ಬೇರೆಯವರನ್ನು ನಾನು ನೋಡಿದ ನೋಟ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನ ಮೇಲೂ ಈಗ ಅವಳಿಗೊಂದು ಅನುಮಾನ ಹುಟ್ಟಿತು, ಅದನ್ನು ಹೋಗಲಾಡಿಸಲು ನನ್ನ ಮಾತನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ನನ್ನ ಮಾತಿಗೆ ಇನ್ನು ಈ ಮನೆಯಲ್ಲಿ ಏನು ಬೆಲೆ? ಅವಳು ಗೋಡೆ ಹಿಡಿದು ಎದ್ದಳು. "ನಾಳೆ ಚಳ್ಳಕೆರೆಗೆ ಹೋಗ್ತೀನಿ, ನಮ್ ಪಾಲಯ್ಯನ ಮನೆಗೆ. ರೂಪಾ ಕರ್ಕಂಡು ಹೋಗ್ಲಿ. ನೀನು ಬರ್ಬ್ಯಾಡ."

ಬೆಳಿಗ್ಗೆ ಇಬ್ಬರೂ ಹೊರಟು ನಿಂತರು. ಅವ್ವ ಒಳ್ಳೆಯ ಸೀರೆ ಉಟ್ಟಿದ್ದಳು, ಮಡಿಲಲ್ಲಿ ಒಂದು ಗಂಟು ಹುರಿದ ಕಡಲೆಕಾಯಿ. ನಾನು ಹೊಸ ಚಾಕನ್ನು ರೂಪಾಳ ಮುಂದೆ ಕಟ್ಟೆಯ ಮೇಲೆ ಇಟ್ಟೆ. "ಒಳ್ಳೇದೈತೆ. ಎಲ್ಲಾ ನೋಡಿ ತಂದೀನಿ, ಲಾಕು ಗಟ್ಟಿ ಐತೆ" ಅಂದೆ.

ನಿನ್ನೆಯವರೆಗೂ ಆಗಿದ್ದರೆ ಎತ್ತಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದಳು. ಇವತ್ತು ಬಿಚ್ಚಿದಳು. ಅಲಗಿನ ಬೆನ್ನನ್ನು ಬಾಗಿಲ ಚೌಕಟ್ಟಿಗೆ ಇಟ್ಟು, ನನ್ನ ಮುಂದೆಯೇ, ಮೈಭಾರವೆಲ್ಲ ಬಿಟ್ಟು ಒತ್ತಿ ನೋಡಿದಳು. ಒಂದು ಸಲ ನೋಡಿದ್ದು ಸಾಲದೆಂದು ಇನ್ನೊಂದು ಸಲ ಒತ್ತಿದಳು. ಮಡಚಲಿಲ್ಲ. ಜೇಬಿಗೆ ಹಾಕಿಕೊಂಡು, ಅಜ್ಜಿಯ ಕೈ ಹಿಡಿದು ಬಸ್ಸಿನ ಕಡೆ ನಡೆದಳು.

ಅವಳು ಮಾಡಿದ್ದು ಸರಿ.